ಬಳ್ಳಾರಿಯ ಬಿಸಿಲಲ್ಲಿ ಅಕ್ರಿಲಿಕ್ ಮೀನುತೊಟ್ಟಿಯ ಗೀರು ತೆಗೆದ ಅನುಭವ

ಕಳೆದ ವಾರ ನಮ್ಮ ಮನೆಯ ಮೀನುತೊಟ್ಟಿಗೆ ಮತ್ತೆ ನೀರು ತುಂಬಿಸಿ ಮೀನುಗಳನ್ನು ಬಿಟ್ಟೆವು. ಯುಗಾದಿಗೆ ಮುಂಚೆ ಬಿದ್ದ ಗೀರುಗಳು ಹೋಗುವಷ್ಟರಲ್ಲಿ ಬೇಸಿಗೆ ಅರ್ಧ ಕಳೆದಿತ್ತು. ಈ ಕೆಲಸಕ್ಕೆ ಬಳ್ಳಾರಿಯಲ್ಲಿ ಯಾರನ್ನು ಕೇಳಬೇಕು, ಏನು ಕೊಳ್ಳಬೇಕು, ಯಾವುದನ್ನು ತೊಟ್ಟಿಯ ಹತ್ತಿರಕ್ಕೂ ಸೇರಿಸಬಾರದು ಎಂಬುದೆಲ್ಲ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಅಕ್ರಿಲಿಕ್ ಎಂದರೆ ಗಾಜಿನ ಹಾಗೆ ಕಾಣುವ ಪಾರದರ್ಶಕ ಪ್ಲಾಸ್ಟಿಕ್. ನಮ್ಮ ಕಡೆ ಅಂಥ ತೊಟ್ಟಿ ಇಟ್ಟುಕೊಂಡವರು ಕಡಿಮೆ, ಹೇಳಿಕೊಡುವವರು ಇನ್ನೂ ಕಡಿಮೆ. ಇರುವ ಕೆಲವರಿಗಾದರೂ ಅನುಕೂಲವಾಗಲಿ ಎಂದು ನೆನಪು ಹಸಿರಾಗಿರುವಾಗಲೇ ಬರೆಯುತ್ತಿದ್ದೇನೆ.

ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರದ್ದು. ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಅಪ್ಪ ನಿವೃತ್ತರಾದಾಗ ನನ್ನ ತಮ್ಮ ಬೆಂಗಳೂರಿನಿಂದ ತರಿಸಿಕೊಟ್ಟದ್ದು. ಏಂಜೆಲ್ ಮೀನುಗಳು, ಗೌರಾಮಿಗಳು ಮತ್ತು ಒಂದು ದೊಡ್ಡ ಸಕ್ಕರ್ ಮೀನು ಅದರಲ್ಲಿವೆ. ನಮ್ಮ ಬೋರ್‌ವೆಲ್ ನೀರು ಗಡಸು. ನೀರಿನ ಮಟ್ಟ ನಿಲ್ಲುವಲ್ಲಿ ಬಿಳಿಯ ಸುಣ್ಣದ ಪಟ್ಟಿ ಕಟ್ಟುತ್ತದೆ, ಹೊರಗೆ ತುಳುಕಿದ ಹನಿಗಳೂ ಬಿಳಿ ಕಲೆಯಾಗಿ ಕೂರುತ್ತವೆ. ಹಬ್ಬದ ಸ್ವಚ್ಛತೆಗೆ ನೆರವಾಗಲೆಂದು ಸಿರುಗುಪ್ಪದಿಂದ ಬಂದಿದ್ದ ಚಿಕ್ಕಪ್ಪನ ಮಗ ನಾನು ಶಾಲೆಯಲ್ಲಿದ್ದಾಗ ಆ ಕಲೆಗಳನ್ನು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಉಜ್ಜಿದ. ಒಳಗಿನ ಪಾಚಿ ತೆಗೆಯಲು ಆಯಸ್ಕಾಂತದ ಒರೆಸುಗವನ್ನು ತಳದ ಮರಳಿನವರೆಗೂ ಎಳೆದ. ಮರಳಿನ ಹರಳು ಅದರ ಅಡಿಗೆ ಸಿಕ್ಕಿಕೊಂಡಿತ್ತು. ಹುಡುಗನದು ಒಳ್ಳೆಯ ಮನಸ್ಸು. ಹೊರಗಿನಿಂದ ನೋಡಿದರೆ ಅದು ಗಾಜಲ್ಲ ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಹಗಲಿನಲ್ಲಿ ಅಷ್ಟಾಗಿ ಕಾಣಲಿಲ್ಲ. ರಾತ್ರಿ ತೊಟ್ಟಿಯ ದೀಪ ಹಾಕಿದಾಗ ಮುಂದಿನ ಮುಖದ ಉದ್ದಕ್ಕೂ ಕಮಾನು ಕಮಾನಾಗಿ ಸಾವಿರಾರು ಸಣ್ಣ ಗೀರುಗಳು ಬೆಳಗಿದವು. ಮೀನುಗಳು ಮಂಜಿನ ಹಿಂದೆ ಈಜುತ್ತಿದ್ದವು. ಅಪ್ಪನಿಗೆ ಹಿಂದಿನ ವರ್ಷ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಾಗಿದೆ. ಅವರು ಎಂದಿನ ಕುರ್ಚಿಯಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನನ್ನ ಕಣ್ಣು ಮತ್ತೆ ಮಬ್ಬಾಗುತ್ತಿದೆಯೇನಮ್ಮಾ?" ಎಂದು ಕೇಳಿದರು. ತೊಟ್ಟಿಯದೇ ತೊಂದರೆ ಎಂದು ಕೈ ಹಿಡಿದು ಮುಟ್ಟಿಸಿ ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು. ಇದನ್ನು ಹೀಗೆಯೇ ಬಿಡಬಾರದು ಎಂದು ಅಂದೇ ನಿರ್ಧರಿಸಿದೆ.

ನಿಮ್ಮದು ಅಕ್ರಿಲಿಕ್ಕೋ ಗಾಜೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಗಾಜಿನ ತೊಟ್ಟಿಯ ಮೂಲೆಗಳಲ್ಲಿ ಸಿಲಿಕೋನ್ ಅಂಟಿನ ದಪ್ಪ ಗೆರೆ ಕಾಣುತ್ತದೆ. ಅಕ್ರಿಲಿಕ್‌ನಲ್ಲಿ ಹಾಳೆಗಳು ಒಂದಕ್ಕೊಂದು ಕರಗಿ ಬೆಸೆದುಕೊಂಡಿರುತ್ತವೆ, ಅಂಟು ಕಾಣುವುದಿಲ್ಲ. ಬೆರಳಿನಿಂದ ತಟ್ಟಿದರೆ ಗಾಜು ಟಣ್ ಎನ್ನುತ್ತದೆ, ಅಕ್ರಿಲಿಕ್ ಮಂದವಾಗಿ ಡಬ್ ಎನ್ನುತ್ತದೆ. ಅಕ್ರಿಲಿಕ್‌ನ ತೂಕ ಅದೇ ಅಳತೆಯ ಗಾಜಿನ ಅರ್ಧಕ್ಕಿಂತ ಕಡಿಮೆ. ಈ ವ್ಯತ್ಯಾಸ ತಿಳಿಯದೆ ಗಾಜಿನ ಮದ್ದನ್ನು ಅಕ್ರಿಲಿಕ್‌ಗೆ ಹಾಕಿದರೆ ಗೀರಿಗಿಂತ ದೊಡ್ಡ ಅನಾಹುತವಾಗುತ್ತದೆ.

ಮೊದಲು ಹುಡುಕಿದ್ದು ಬಿಲ್ಲನ್ನು. ಬೀರುವಿನಲ್ಲಿ ತೊಟ್ಟಿಯ ಬಿಲ್ಲು, ಸಾಗಣೆಯ ರಸೀದಿ, ಖಾತರಿ ಪತ್ರ ಎಲ್ಲ ಸಿಕ್ಕವು. ಖಾತರಿ ಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಬೆಸುಗೆ ಬಿಟ್ಟರೆ ಮಾತ್ರ ಹೊಣೆ, ಗೀರು ಮತ್ತು ಮೇಲ್ಮೈ ಬಿರುಕಿಗೆ ಹೊಣೆಯಿಲ್ಲ ಎಂದಿತ್ತು. ಆದರೂ ಫೋಟೋ ತೆಗೆದು ಕಳಿಸಿದೆ. ಬಹಳ ದಿನ ಕಾದ ಮೇಲೆ ಬಂದ ಉತ್ತರದಲ್ಲಿ ಹೊಸ ತೊಟ್ಟಿಯ ಬೆಲೆಪಟ್ಟಿ ಇತ್ತು. ಬಳ್ಳಾರಿಗೆ ಸಾಗಣೆ ಸೇರಿ 25 ಸಾವಿರ ರೂಪಾಯಿ ದಾಟುತ್ತಿತ್ತು. ಮನಸ್ಸಿಗೆ ಬಹಳ ಬೇಸರವಾಯಿತು. ಹೊಸದಾಗಿ ಕೊಳ್ಳುವವರು ಈ ಷರತ್ತುಗಳನ್ನು ಹಣ ಕೊಡುವ ಮುಂಚೆಯೇ ಓದಿಕೊಳ್ಳುವುದು ಒಳ್ಳೆಯದು.

ಮೀನಿನ ಅಂಗಡಿಯಲ್ಲಿ ವಿಚಾರಿಸಿದಾಗ ಗಾಜು ಒರೆಸುವ ನೀಲಿ ದ್ರವ ಸಿಂಪಡಿಸಿ ಒರೆಸಿ ಎಂದರು. ಇದನ್ನು ಯಾರೂ ಮಾಡಬೇಡಿ. ಅಂಥ ಎಷ್ಟೋ ದ್ರವಗಳಲ್ಲಿ ಅಮೋನಿಯಾ ಅಥವಾ ಆಲ್ಕೋಹಾಲ್ ಇರುತ್ತದೆ. ಅಮೋನಿಯಾ ಮೀನಿಗೆ ವಿಷ, ಅಕ್ರಿಲಿಕ್‌ಗೆ ಎರಡೂ ಆಗುವುದಿಲ್ಲ. ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ, ಸ್ಯಾನಿಟೈಸರ್ ಕೂಡ ಅಷ್ಟೇ. ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸುವಾಗ, ಬಗ್ಗಿಸುವಾಗ, ಬೆಸೆಯುವಾಗ ಉಳಿದ ಬಿಗಿತ ಒಳಗೇ ಅಡಗಿರುತ್ತದೆ. ಇಂಥ ದ್ರವ ಸೋಕಿದರೆ ಆ ಬಿಗಿತ ಬಿಚ್ಚಿಕೊಂಡು ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಹರಡುತ್ತವೆ. ಗೀರು ಮೇಲ್ಮೈಯಲ್ಲಿರುವುದರಿಂದ ಉಜ್ಜಿದರೆ ಹೋಗುತ್ತದೆ. ಈ ಬಿರುಕು ಒಳಕ್ಕೆ ಇಳಿಯುತ್ತದೆ, ಅದನ್ನು ಉಜ್ಜಿ ತೆಗೆಯಲಾಗುವುದಿಲ್ಲ, ತೊಟ್ಟಿಯ ಬಲವೂ ಕುಗ್ಗುತ್ತದೆ. ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಕ್ರಿಲಿಕ್ ಬಲ್ಲವರು ಯಾರು ಎಂದು ಯೋಚಿಸಿದಾಗ ಹೊಳೆದದ್ದು ನಾಮಫಲಕ ಮಾಡುವವರು. ಅಂಗಡಿಗಳ ಮೇಲೆ ಹೊಳೆಯುವ ಅಕ್ಷರಗಳೆಲ್ಲ ಬಹುಪಾಲು ಇದೇ ಹಾಳೆಯವು. ಬೆಂಗಳೂರು ರಸ್ತೆಯ ಕಡೆ ಒಂದು ಅಂಗಡಿಗೆ ಹೋದೆ. ಆತ ವಸ್ತುವನ್ನು ಚೆನ್ನಾಗಿ ಬಲ್ಲವರು. "ಅಂಚಿಗೆ ಗ್ಯಾಸ್ ಬೆಂಕಿ ತೋರಿಸಿದರೆ ಗಾಜಿನ ಹಾಗೆ ಹೊಳೆಯುತ್ತದೆ ಮೇಡಂ, ಬೇಕಾದರೆ ಮನೆಗೇ ಬಂದು ಮಾಡಿಕೊಡುತ್ತೇನೆ" ಎಂದರು. ಅಕ್ಷರ ಕತ್ತರಿಸಿದ ಅಂಚಿಗೆ ಆ ವಿಧಾನ ಸರಿ. ನೀರಿನ ಒತ್ತಡ ತಡೆಯಬೇಕಾದ ತೊಟ್ಟಿಯ ಅಗಲವಾದ ಮುಖಕ್ಕೆ ಸರಿಯಲ್ಲ. ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬೆಂಕಿ ತಾಗಿದ ಕಡೆ ಹೊಸ ಬಿಗಿತ ಹುಟ್ಟಿ ಮುಂದೆ ಬಿರುಕಿಗೆ ದಾರಿಯಾಗುತ್ತದೆ. ಡ್ರಿಲ್ ಯಂತ್ರಕ್ಕೆ ಬಫ್ (ಹೊಳಪು ಕೊಡುವ ಮೆತ್ತನೆಯ ಚಕ್ರ) ಸಿಕ್ಕಿಸಿ ಒಣದಾಗಿ ಉಜ್ಜುವುದರಲ್ಲೂ ಇದೇ ಅಪಾಯ. ಒಂದೇ ಕಡೆ ನಿಂತರೆ ಬಿಸಿಗೆ ಮೇಲ್ಮೈ ಕದಡಿಬಿಡುತ್ತದೆ. ತುಂಡುಗಳನ್ನು ಅಂಟಿಸಲು ಅವರ ಮೇಜಿನ ಮೇಲೆ ಕ್ಲೋರೋಫಾರ್ಮ್ ಬಾಟಲಿ ಇತ್ತು. ಅದು ಅಕ್ರಿಲಿಕ್ಕನ್ನೇ ಕರಗಿಸುವ ದ್ರವ, ಆದ್ದರಿಂದ ಗೀರಿನ ಮೇಲೆ ಸವರುವ ಮಾತಂತೂ ದೂರವೇ ಉಳಿಯಲಿ. ಬೆಂಕಿ ಬೇಡವೆಂದಾಗ ಅವರು ಬೇಸರಿಸಿಕೊಳ್ಳದೆ ಒಂದಷ್ಟು ಚೂರು ಹಾಳೆಗಳನ್ನು ಕೈಗಿತ್ತು, "ಮೊದಲು ಇದರ ಮೇಲೆ ಕೈ ಪಳಗಿಸಿಕೊಳ್ಳಿ" ಎಂದರು. ಹಣ ತೆಗೆದುಕೊಳ್ಳಲಿಲ್ಲ. ಇಡೀ ಓಡಾಟದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ವಸ್ತು ಆ ಚೂರುಗಳೇ.

ನಿಜವಾದ ಪಾಠ ಕಲಿಸಿದವರು ಕಾರಿಗೆ ಬಣ್ಣ ಹೊಡೆಯುವ ಒಬ್ಬ ಕುಶಲಕರ್ಮಿ. ಮರಗೆಲಸದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೀರು ಉಜ್ಜುವ ಸ್ಯಾಂಡ್ ಪೇಪರ್ ಕೇಳಿದರೆ ಒರಟು ಕಾಗದಗಳೇ ಸಿಕ್ಕವು. ನೀರು ಹಾಕಿ ಉಜ್ಜುವ ನುಣುಪು ವಾಟರ್ ಪೇಪರ್ ಬೇಕಾದರೆ ವಾಹನಗಳ ಬಣ್ಣ ಮಾರುವ ಅಂಗಡಿಗೇ ಹೋಗಬೇಕು. ಅಲ್ಲಿ 600ರಿಂದ 2000 ನಂಬರಿನವರೆಗೆ ಹಾಳೆ ಹಾಳೆಯಾಗಿ ಬಿಡಿಯಾಗಿ ಕೊಡುತ್ತಾರೆ. ನಂಬರ್ ಹೆಚ್ಚಾದಷ್ಟೂ ನುಣುಪು. ಬಣ್ಣ ಕೊಳ್ಳಲು ಬಂದಿದ್ದ ಆ ಹಿರಿಯರು ನನ್ನ ಪ್ರಶ್ನೆಗಳನ್ನು ಕೇಳಿಸಿಕೊಂಡು ತಾವಾಗಿಯೇ ಹೇಳಿದರು: "ನಂಬರ್ ಹಾರಿಸಬೇಡಿ ಅಕ್ಕಾ. 600 ಉಜ್ಜಿ ನೇರವಾಗಿ 2000ಕ್ಕೆ ಹೋದರೆ 600ರ ಗೆರೆ ಅಡಿಯಲ್ಲೇ ಕೂತಿರುತ್ತದೆ. ಹೊಳಪು ಬಂದ ಮೇಲೆ ಎದ್ದು ಕಾಣುತ್ತದೆ, ಆಗ ಮತ್ತೆ ಮೊದಲಿನಿಂದ." ಒಂದು ನಂಬರನ್ನು ಉದ್ದಕ್ಕೆ ಉಜ್ಜಿದರೆ ಮುಂದಿನದನ್ನು ಅಡ್ಡಕ್ಕೆ ಉಜ್ಜಬೇಕು ಎಂಬುದನ್ನೂ ಅವರೇ ಹೇಳಿಕೊಟ್ಟರು. ಉದ್ದದ ಗೆರೆಗಳು ಒಂದೂ ಉಳಿಯದೆ ಅಡ್ಡ ಗೆರೆಗಳಷ್ಟೇ ಕಾಣುವಾಗ ಆ ನಂಬರಿನ ಕೆಲಸ ಮುಗಿಯಿತು ಎಂದರ್ಥ. ಗುಂಡಗೆ ಉಜ್ಜಿದರೆ ಯಾವುದು ಹಳೆಯ ಗೆರೆ, ಯಾವುದು ಹೊಸದು ಎಂದು ಗುರುತಿಸುವುದೇ ಕಷ್ಟ.

ಇನ್ನೂ ನುಣುಪಾದ, ಬಟ್ಟೆಯ ಬೆನ್ನಿರುವ ಮೆತ್ತನೆಯ ಪ್ಯಾಡ್‌ಗಳು ಮತ್ತು ಪ್ಲಾಸ್ಟಿಕ್‌ಗೆಂದೇ ಇರುವ ಪಾಲಿಶ್ ಇಲ್ಲಿ ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸಬೇಕಾಯಿತು. ಕೊರಿಯರ್ ಒಮ್ಮೆ ಹುಬ್ಬಳ್ಳಿಯಲ್ಲೇ ನಿಂತಿತು, ಇನ್ನೊಮ್ಮೆ ವಿಳಾಸ ಸಿಗಲಿಲ್ಲವೆಂದು ಹಿಂದಕ್ಕೆ ಹೊರಟಿತ್ತು. ಫೋನಿನ ಮೇಲೆ ಫೋನು ಮಾಡಿ ತಡೆದೆ. ಈ ಪ್ಯಾಡ್‌ಗಳ ವಿಷಯದಲ್ಲಿ ಎಲ್ಲರೂ ಗೊಂದಲಕ್ಕೆ ಬೀಳುವ ಒಂದು ಸಂಗತಿಯಿದೆ. 1500ರಿಂದ 12000ದವರೆಗೆ ನಂಬರ್ ಇರುವ ಪ್ಯಾಡ್‌ಗಳ ಲೆಕ್ಕ ವಾಟರ್ ಪೇಪರಿನ ಲೆಕ್ಕವಲ್ಲ. ಪ್ಯಾಡಿನ 1500 ಎಂಬುದು ಪೇಪರಿನ 1500ಕ್ಕಿಂತ ಬಹಳ ಒರಟು. 2000ದ ಪೇಪರ್ ಮುಗಿಸಿ ಪ್ಯಾಡಿನ 2400ಕ್ಕೆ ಹೋದರೆ ಮುಂದೆ ಹೋದ ಹಾಗಾಗುವುದಿಲ್ಲ, ಹಿಂದಕ್ಕೆ ಬಂದ ಹಾಗೆ. 2000ದ ಪೇಪರ್ ಆದ ಮೇಲೆ ಪ್ಯಾಡಿನ 4000ದಿಂದ ಶುರುಮಾಡಿ 6000, 8000, 12000 ಎಂದು ಏರಬೇಕು. ನಾಮಫಲಕದ ಅಂಗಡಿಯ ಚೂರುಗಳ ಮೇಲೆ ಉಜ್ಜಿ ನೋಡಿದ್ದರಿಂದಲೇ ಇದು ನನಗೆ ತೊಟ್ಟಿ ಮುಟ್ಟುವ ಮುಂಚೆ ಕಣ್ಣಿಗೆ ಬಿತ್ತು.

ಕಾಯುವ ದಿನಗಳಲ್ಲಿ ಗೀರುಗಳನ್ನು ಪರೀಕ್ಷಿಸಿ ಗುರುತು ಮಾಡಿಕೊಂಡೆ. ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲ್ಪದರದ್ದು, ಸಿಕ್ಕಿಕೊಂಡರೆ ಆಳದ್ದು. ಸ್ಟೀಲ್ ನಾರಿನವು ಉಗುರಿಗೆ ಸಿಗಲಿಲ್ಲ. ಒಳಗೆ ಮರಳಿನ ಹರಳು ಎಳೆದ ಗೀರುಗಳು ಮಾತ್ರ ಸ್ಪಷ್ಟವಾಗಿ ಸಿಕ್ಕವು. ನೀರು ತುಂಬಿರುವಾಗ ಒಳಗಿನ ಗೀರು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ ಎಂಬುದೂ ತಿಳಿದಿರಲಿ. ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಹೇಳುವ ವಕ್ರೀಭವನಾಂಕ ಗಾಳಿಯಲ್ಲಿ 1, ನೀರಿನಲ್ಲಿ 1.33, ಅಕ್ರಿಲಿಕ್‌ನಲ್ಲಿ 1.49. ಒಳಗಿನ ಗೀರಿನಲ್ಲಿ ನೀರು ತುಂಬಿಕೊಳ್ಳುವುದರಿಂದ ಎರಡರ ಅಂತರ ಕಡಿಮೆಯಾಗಿ ಬೆಳಕು ಹೆಚ್ಚು ಚದುರುವುದಿಲ್ಲ. ಹೊರಗಿನ ಗೀರಿನಲ್ಲಿ ಗಾಳಿಯಿರುತ್ತದೆ, ಅದಕ್ಕೇ ಅಷ್ಟು ಮಿನುಗುತ್ತದೆ. ಒಳಗಿನದು ತೀರ ನವಿರಾಗಿದ್ದರೆ ಅದರ ಗೊಡವೆಗೆ ಹೋಗದೆ ಹೊರಗಿನದನ್ನಷ್ಟೇ ತೆಗೆಯಬಹುದು. ಆಗ ಮೀನುಗಳನ್ನು ಕದಲಿಸುವ ಅಗತ್ಯವೂ ಇಲ್ಲ. ನಮ್ಮಲ್ಲಿ ಒಳಗಿನವು ಆಳವಾಗಿದ್ದರಿಂದ ತೊಟ್ಟಿ ಖಾಲಿ ಮಾಡಲೇಬೇಕಾಯಿತು.

ನನಗೆ ಹೆದರಿಕೆಯಿದ್ದದ್ದು ಈ ಹಂತಕ್ಕೆ. ಬಳ್ಳಾರಿಯ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುವಂಥದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದರೆ 30 ಡಿಗ್ರಿಯಲ್ಲಿ ಸುಮಾರು 7.5. ಮೀನುಗಳು ಇಕ್ಕಟ್ಟಿನ ಜಾಗದಲ್ಲಿ ದಿನಗಟ್ಟಲೆ ಇರಬೇಕು. ಕುಡಿಯುವ ನೀರು ಇಡುತ್ತಿದ್ದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮನ್ನು ಸೋಪು ಮುಟ್ಟಿಸದೆ ತೊಳೆದು, ಮನೆಯ ತಂಪಾದ ಕೋಣೆಯಲ್ಲಿಟ್ಟೆವು. ರಾಸಾಯನಿಕ ಬಂದಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ತೊಟ್ಟಿಯದೇ ನೀರನ್ನು ಪೈಪಿನಿಂದ ಇಳಿಸಿ ಅದರಲ್ಲಿ ತುಂಬಿಸಿದೆವು. ಸುತ್ತಲೂ ಒದ್ದೆ ಗೋಣಿಚೀಲ ಸುತ್ತಿದೆವು. ನಮ್ಮೂರಿನ ಒಣ ಗಾಳಿಗೆ ಗೋಣಿ ಆರುತ್ತಾ ಡ್ರಮ್ಮಿನ ನೀರು ಚೆನ್ನಾಗಿ ತಂಪಾಗಿಯೇ ಇತ್ತು. ಮೀನುಗಳಿಗೆ ಹಿಂದಿನ ದಿನ ಆಹಾರ ಹಾಕಿರಲಿಲ್ಲ. ಹೊಟ್ಟೆ ಖಾಲಿಯಿದ್ದರೆ ನೀರು ಕೆಡುವುದು ಕಡಿಮೆ.

ಫಿಲ್ಟರನ್ನು ಇದ್ದ ಹಾಗೆಯೇ ಡ್ರಮ್ಮಿಗೆ ಸ್ಥಳಾಂತರಿಸಿ ಕೂಡಲೇ ಚಾಲೂ ಮಾಡಬೇಕು. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲಿ ಮನೆಮಾಡಿರುತ್ತವೆ. ತೊಟ್ಟಿ ತೊಳೆಯುವ ಹುಮ್ಮಸ್ಸಿನಲ್ಲಿ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹಿಂಡಿದರೆ ಅವು ಸಾಯುತ್ತವೆ. ನಮ್ಮ ಗಡಸು, ಕ್ಷಾರೀಯ ನೀರಿನಲ್ಲಿ, ಅದೂ ಬೇಸಿಗೆಯ ಬಿಸಿಗೆ, ಅಮೋನಿಯಾದ ವಿಷ ಇನ್ನೂ ತೀವ್ರ.

ಏಂಜೆಲ್‌ಗಳು, ಗೌರಾಮಿಗಳು ಬಲೆಗೆ ಸುಲಭವಾಗಿ ಬಂದವು. ಸಕ್ಕರ್ ಮೀನನ್ನು ಬಲೆಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳು ಬಲೆಗೆ ಸಿಕ್ಕಿಕೊಂಡು ಬಿಡಿಸುವಾಗ ಮೀನಿಗೆ ಗಾಯವಾಗುತ್ತದೆ. ನಾವು ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಓಡಿಸಿ ನೀರಿನ ಸಮೇತ ಎತ್ತಿದೆವು. ಮೀನು ಹಾರದಂತೆ ಡ್ರಮ್ಮಿನ ಬಾಯಿಗೆ ಸೊಳ್ಳೆಪರದೆ ಕಟ್ಟಿದೆವು. ಅಂದು ಮಧ್ಯಾಹ್ನವೇ ಕರೆಂಟು ಹೋಯಿತು. ಏಂಜೆಲ್‌ಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದಾಗ ನನ್ನ ಎದೆ ಡವಡವ ಎನ್ನತೊಡಗಿತು. ಬ್ಯಾಟರಿಯ ಏರ್ ಪಂಪ್ ತಂದಿಟ್ಟಿದ್ದೆ, ಅದರ ಕೊಳವೆ ಜೋಡಿಸುವವರೆಗೆ ಅಪ್ಪ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಲೇ ಇದ್ದರು. ಗಾಳಿ ಬೆರೆಸಲು ಅದಕ್ಕಿಂತ ಸರಳ ದಾರಿಯಿಲ್ಲ. ಗೌರಾಮಿಗಳು ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು, ಅವು ಮೇಲೆ ಬಂದರೆ ಗಾಬರಿ ಬೇಡ. ಈ ಕೆಲಸಕ್ಕೆ ಕೈಹಾಕುವವರು ವಾಟರ್ ಪೇಪರ್ ಕೊಳ್ಳುವ ಮೊದಲೇ ಬ್ಯಾಟರಿ ಪಂಪ್ ಕೊಂಡಿಟ್ಟುಕೊಳ್ಳಿ.

ತೊಟ್ಟಿಯೊಳಗಿನ ಮರಳನ್ನು ಒಂದು ಹರಳೂ ಉಳಿಯದಂತೆ ತೆಗೆದು, ಬರಿ ನೀರಿನಿಂದ ಹಲವು ಸಲ ಅಲುಬಿದೆವು. ಸುಣ್ಣದ ಬಿಳಿ ಪಟ್ಟಿಗೆ ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅಂಟಿಸಿ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಸುಣ್ಣ ಮೆತ್ತಗಾಗಿ, ಹಳೆಯ ಎಟಿಎಂ ಕಾರ್ಡಿನ ಅಂಚಿಗೆ ಕಳಚಿಕೊಂಡು ಬಂತು. ಸ್ಟೀಲ್ ನಾರಿನಿಂದ ಮಾಡಿದ ಕೆಲಸ ಇಷ್ಟು ಸುಲಭವಾಗಿ ಆಗುತ್ತಿತ್ತು ಎಂದು ನೋಡಿದಾಗ ಸಂಕಟವಾಯಿತು. ಆಮೇಲೆ ಚೆನ್ನಾಗಿ ತೊಳೆದೆವು. ಖಾಲಿ ಅಕ್ರಿಲಿಕ್ ತೊಟ್ಟಿಯನ್ನು ಒಣಗಲೆಂದು ಬಿಸಿಲಿಗಿಡಬೇಡಿ. ಅಕ್ರಿಲಿಕ್ ಅಲ್ಪಸ್ವಲ್ಪ ನೀರು ಹೀರಿ ಹಿಗ್ಗಿರುತ್ತದೆ, ತಟ್ಟನೆ ಒಣಗಿದರೆ ಅದರೊಳಗೆ ಬಿಗಿತ ಹುಟ್ಟುತ್ತದೆ.

ಒರೆಸುವ ಬಟ್ಟೆಯ ಬಗ್ಗೆಯೂ ಹೇಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ, ಚೂರು ಬಟ್ಟೆ ಎಲ್ಲರ ಮನೆಯಲ್ಲೂ ಒರೆಸುವ ಬಟ್ಟೆಯಾಗಿರುತ್ತದೆ. ಜೀನ್ಸ್ ಅಕ್ರಿಲಿಕ್‌ಗೆ ಒರಟು. ಹಳೆಯ ಬನಿಯನ್ ಬಟ್ಟೆ ಅಥವಾ ಮೈಕ್ರೋಫೈಬರ್ ಆಗಬಹುದು, ಅದೂ ಒದ್ದೆಯಾಗಿ ಮಾತ್ರ. ಅದಿರು ಲಾರಿಗಳು ಓಡಾಡುವ ಊರಿನಲ್ಲಿ ಕಿಟಕಿಯಿಂದ ಬಂದು ಕೂರುವ ಕೆಂಪು ಧೂಳು ಬರೀ ಮಣ್ಣಲ್ಲ. ಕಬ್ಬಿಣದ ಅದಿರಿನ ಕಣ ಅಕ್ರಿಲಿಕ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯಲ್ಲಿ ದಿನಾ ಒರೆಸಿದರೂ ಸಾಕು, ವರ್ಷದೊಳಗೆ ಮುಖ ಮಬ್ಬಾಗುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಒರೆಸಿ.

ಇನ್ನು ಉಜ್ಜುವ ಕೆಲಸ. ಮೊದಲು ಒಳಮುಖ. ತೊಟ್ಟಿಯನ್ನು ಮಲಗಿಸಿ, ಒಳಗಿನಿಂದ ಉಜ್ಜುವ ಮುಖ ಕೆಳಗೆ ಬರುವಂತೆ ಹಳೆಯ ಕಂಬಳಿಯ ಮೇಲೆ ಇಟ್ಟೆವು. ವಾಟರ್ ಪೇಪರ್ ಹಾಳೆಯನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ, ಮೆತ್ತನೆಯ ರಬ್ಬರ್ ತುಂಡಿಗೆ ಸುತ್ತಿಕೊಳ್ಳಬೇಕು. ಬರಿ ಬೆರಳಿನಿಂದ ಒತ್ತಿದರೆ ಬೆರಳಿನ ಸಾಲಿಗೆ ತಗ್ಗು ಬೀಳುತ್ತದೆ. ಆಳದ ಗೀರಿಗೆ 600ರಿಂದ ತೊಡಗಿದೆ. ಗೀರಿನ ಸಾಲಿಗೆ ಮಾತ್ರ ಉಜ್ಜಿದರೆ ಅಲ್ಲಿ ಹಳ್ಳವಾಗಿ, ಅದರ ಹಿಂದೆ ಮೀನು ಬಂದಾಗ ಆಕಾರ ತಿರುಚಿಕೊಂಡು ಕಾಣುತ್ತದೆ. ಆದ್ದರಿಂದ ಸುತ್ತಲೂ ಅಂಗೈ ಅಗಲದಷ್ಟು ಹೆಚ್ಚಾಗಿ ಉಜ್ಜುತ್ತಾ ಅಂಚಿಗೆ ಹೋದಂತೆ ಒತ್ತಡ ಕಡಿಮೆ ಮಾಡಬೇಕು. ಮೊದಲ ಎಳೆತಗಳಿಗೆ ಪೇಪರ್ ಕರ್ ಕರ್ ಎಂದು ಹಿಡಿದುಕೊಳ್ಳುತ್ತದೆ. ಬರಬರುತ್ತಾ ಸದ್ದು ಇಳಿದು ಕೈ ಸರಾಗವಾಗಿ ಓಡುತ್ತದೆ, ಪೇಪರಿನ ಅಡಿಯಿಂದ ಮಜ್ಜಿಗೆಯಂಥ ಬಿಳಿ ನೀರು ಹೊರಡುತ್ತದೆ. ಆ ನೀರನ್ನು ಮತ್ತೆ ಮತ್ತೆ ಸುರಿದು ಕಳೆಯುತ್ತಿರಬೇಕು.

ಪಾರದರ್ಶಕವಾಗಿದ್ದ ಹಾಳೆ 600ರ ಕೈಯಲ್ಲಿ ಹಾಲುಗಾಜಾಗಿ ಬಿಡುತ್ತದೆ. ಅದನ್ನು ನೋಡಿ ನಾನು ಕೆಲಸ ನಿಲ್ಲಿಸಿ ಎದ್ದುಹೋದೆ. ಚೂರು ಹಾಳೆಯ ಮೇಲೆ ಇದೇ ಮಬ್ಬು ಬಂದು ಮತ್ತೆ ತಿಳಿಯಾದದ್ದನ್ನು ಕಣ್ಣಾರೆ ಕಂಡಿದ್ದರಿಂದ ಮಾತ್ರ ವಾಪಸು ಬಂದು ಕುಳಿತೆ. 800, 1000, 1500, 2000 ಎಂದು ಏರಿದೆ. ಪ್ರತಿ ನಂಬರ್ ಬದಲಿಸುವಾಗ ತೊಟ್ಟಿ, ಕೈ, ರಬ್ಬರ್ ತುಂಡು ಎಲ್ಲ ತೊಳೆದು ಬಕೆಟ್ಟಿಗೆ ಹೊಸ ನೀರು. 600ರ ಒಂದು ಕಣ 2000ದ ಪೇಪರಿನಡಿ ಸಿಕ್ಕರೆ ಹೊಸ ಗೀರು ಬಿತ್ತೆಂದೇ ತಿಳಿಯಿರಿ. ಒದ್ದೆಯಿರುವಾಗ ಎಲ್ಲವೂ ಹೋದ ಹಾಗೆ ಕಾಣುತ್ತದೆ. ಪೂರ್ತಿ ಒಣಗಿಸಿ, ಹಿಂದೆ ಕಪ್ಪು ಬಟ್ಟೆ ಹಿಡಿದು, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ಹಳೆಯ ನಂಬರಿನ ಗೆರೆ ಉಳಿದಿದೆಯೇ ಎಂಬುದು ನಿಜವಾಗಿ ಗೊತ್ತಾಗುತ್ತದೆ. ನನ್ನ ಹೆಚ್ಚಿನ ಸಮಯ ಹೋದದ್ದು 600 ಮತ್ತು 800ರಲ್ಲೇ. ಅಲ್ಲಿ ಅವಸರ ಮಾಡದಿದ್ದರೆ ಮುಂದಿನವು ಬೇಗ ಮುಗಿಯುತ್ತವೆ. ಶಾಲೆ ಮುಗಿಸಿ ಬಂದು ಸಂಜೆಯ ತಂಪಿನಲ್ಲಿ ಉಜ್ಜುತ್ತಿದ್ದೆ, ಭುಜದ ನೋವು ರಾತ್ರಿ ನಿದ್ದೆ ಕೊಡುತ್ತಿರಲಿಲ್ಲ. ಪ್ಯಾಡಿನ 8000ಕ್ಕೆ ಬಂದಾಗ ಮಬ್ಬಿನೊಳಗಿಂದ ಕಂಬಳಿಯ ಎಳೆಗಳು ಒಂದೊಂದಾಗಿ ಕಾಣತೊಡಗಿದವು. ಅಪ್ಪನನ್ನು ಕೂಗಿ ಕರೆದು ತೋರಿಸಿದೆ.

ಹೊರಮುಖದ ನವಿರು ಗೀರುಗಳಿಗೆ 600 ಬೇಕಾಗಲಿಲ್ಲ. ಗೀರು ಹೋಗುವಂತಿದ್ದರೆ ಇದ್ದುದರಲ್ಲಿ ನುಣುಪಾದ ನಂಬರಿನಿಂದಲೇ ತೊಡಗುವುದು ಲೇಸು. 1000ದಿಂದ ಶುರುಮಾಡಿ, ಪ್ಯಾಡ್‌ಗಳು ಮುಗಿದ ಮೇಲೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಒರೆಸಿದೆ. ಪಾಲಿಶ್ ಹೊರಗೆ ಮಾತ್ರ. ಒಳಮುಖಕ್ಕೆ ಪಾಲಿಶ್, ಮೇಣ, ಹಲ್ಲುಜ್ಜುವ ಪೇಸ್ಟು, ಕಾರಿನ ರಬ್ಬಿಂಗ್ ಕಾಂಪೌಂಡ್ ಯಾವುದೂ ಬೇಡ, ಅವುಗಳ ಶೇಷ ನೀರಿಗೆ ಇಳಿಯುತ್ತದೆ. ಒಳಗೆ ನೀರು ಮತ್ತು ಪ್ಯಾಡ್ ಅಷ್ಟೇ. ನೀರು ತುಂಬಿದ ಮೇಲೆ ಉಳಿದ ನಸು ಮಬ್ಬು ತಾನೇ ಮರೆಯಾಗುತ್ತದೆ, ಕಾರಣ ಆಗಲೇ ಹೇಳಿದ ವಕ್ರೀಭವನ.

ಕೊನೆಯ ಅಡ್ಡಿ ನೀರಿನದು. ನಲ್ಲಿ ನೀರು ಬರುವ ಸರದಿ ಮುಂದಕ್ಕೆ ಹೋಯಿತು, ಬೋರ್‌ವೆಲ್ ನೀರೊಂದನ್ನೇ ತುಂಬಿಸಲು ಮನಸ್ಸಾಗಲಿಲ್ಲ. ಮೀನುಗಳು ಇನ್ನಷ್ಟು ಕಾಲ ಡ್ರಮ್ಮಿನಲ್ಲೇ ಇರಬೇಕಾಯಿತು. ದಿನಾ ಅಮೋನಿಯಾ ಪರೀಕ್ಷೆಯ ಹನಿ ಹಾಕಿ ಬಣ್ಣ ನೋಡುವುದೇ ಕೆಲಸವಾಯಿತು. ನೀರು ಬಂದ ರಾತ್ರಿ ತೊಟ್ಟಿಯನ್ನು ಸಮತಟ್ಟಾದ ಪ್ಲೈವುಡ್ ಮೇಲೆ ಕೂರಿಸಿ ತುಂಬಿಸಿದೆವು. ಕೆಳಗೆ ಸುತ್ತಲೂ ಹಳೆಯ ದಿನಪತ್ರಿಕೆ ಹಾಸಿ ಬೆಳಗಿನವರೆಗೆ ಬಿಟ್ಟೆವು. ಪತ್ರಿಕೆ ಒಣಗಿಯೇ ಇತ್ತು. ಆ ನೀರನ್ನು ಉಜ್ಜಿದ ಪುಡಿಯ ಸಮೇತ ಗಿಡಗಳಿಗೆ ಚೆಲ್ಲದೆ ಬಚ್ಚಲಿಗೆ ಬಿಟ್ಟೆವು. ಎರಡನೆಯ ಸಲ ತುಂಬಿಸಿದ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ, ಡ್ರಮ್ಮಿನ ಹಳೆಯ ನೀರನ್ನೂ ಸ್ವಲ್ಪ ಬೆರೆಸಿ, ಎರಡೂ ಕಡೆಯ ಉಷ್ಣತೆ ಸಮನಾದ ಮೇಲೆ ಮೀನುಗಳನ್ನು ಬಿಟ್ಟೆವು. ಫಿಲ್ಟರ್ ಅದೇ ಹಳೆಯದು. ಮೊದಲ ಕೆಲವು ದಿನ ಆಹಾರ ಅರ್ಧಕ್ಕೆ ಇಳಿಸಿದ್ದೆ. ಅಮೋನಿಯಾ ಈವರೆಗೆ ಏರಿಲ್ಲ, ಒಂದು ಮೀನೂ ಸತ್ತಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗಾಗಿ: ವಾಟರ್ ಪೇಪರ್ ಹಾಳೆಗೆ 20, 30 ರೂಪಾಯಿಯ ಆಸುಪಾಸು. ಪ್ಯಾಡ್‌ಗಳ ಸೆಟ್ಟಿಗೆ ಕೊರಿಯರ್ ಸೇರಿ ಹತ್ತಿರ ಹತ್ತಿರ 2,000. ಪಾಲಿಶ್, ಬ್ಯಾಟರಿ ಪಂಪ್, ಪರೀಕ್ಷೆಯ ಹನಿಗಳು ಎಲ್ಲ ಸೇರಿಸಿದರೂ 4,500 ರೂಪಾಯಿ ದಾಟಲಿಲ್ಲ. ಒಂದು ಗೀರನ್ನು ಬೇಕೆಂದೇ ಬಿಟ್ಟಿದ್ದೇನೆ. ಎಡಮೂಲೆಯ ಬೆಸುಗೆಗೆ ತೀರ ಹತ್ತಿರ, ಒಂದಂಗುಲದೊಳಗೆ ಅದಿದೆ. ಬೆಸುಗೆಯ ಪಕ್ಕದಲ್ಲಿ ಹಾಳೆಯನ್ನು ತೆಳುವಾಗಿಸುವ ಧೈರ್ಯ ನನಗಿಲ್ಲ, ನೀವೂ ಮಾಡಬೇಡಿ. ಅದರ ಮುಂದೆ ಒಂದು ಜಲಸಸ್ಯ ನೆಟ್ಟಿದ್ದೇವೆ.